ಹೆಣದ ಪಾತ್ರ ಅಮ್ಮನದು

ನಮ್ಮ ಮನೆಯಲ್ಲಿ ಕೊಲೆಗಳು ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ, ತಿಂಡಿಯಾದ ಮೇಲೆ ನಡೆಯುತ್ತಿದ್ದವು. ಅಪ್ಪ ಪೆನ್ನಿಗೆ ಕ್ಯಾಪು ಹಾಕುತ್ತಾ ಮುಂದಿನ ಕೋಣೆಯಿಂದ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಏನೇ, ಒಂದು ಸ್ವಲ್ಪ ಬಿದ್ಕೊಳ್ತೀಯಾ?" ಎನ್ನುತ್ತಿದ್ದರು. ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, "ಇವತ್ತು ಯಾವ ರೀತಿ ಸಾಯ್ಬೇಕು?" ಎಂದು ಕೇಳುತ್ತಿದ್ದಳು. ಕತ್ತು ಹಿಸುಕಿದ್ದೋ, ತಲೆಗೆ ಹೊಡೆದದ್ದೋ, ಮೆಟ್ಟಿಲಿನಿಂದ ತಳ್ಳಿದ್ದೋ ಎಂದು ತಿಳಿದುಕೊಂಡು ಅದಕ್ಕೆ ತಕ್ಕ ಹಾಗೆ ನೆಲದ ಮೇಲೆ ಬೀಳುತ್ತಿದ್ದಳು. ಬೇರೆಯವರ ಮನೆಗಳಲ್ಲಿ ಭಾನುವಾರ ಹೇಗೆ ಕಳೆಯುತ್ತಿತ್ತೋ ನನಗೆ ಗೊತ್ತಿಲ್ಲ.

ಅಪ್ಪ ಪೊಲೀಸ್ ಅಧಿಕಾರಿಯಾಗಿದ್ದು ಆಮೇಲೆ ಪತ್ತೇದಾರಿ ಕಾದಂಬರಿಕಾರರಾದವರು. ಅವರ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಕ್ಷೌರದ ಅಂಗಡಿಯ ಬೆಂಚಿನ ಮೇಲೆ, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ತೊಡೆಯ ಮೇಲೆ ಸಿಗುತ್ತಿದ್ದವು. ದೊಡ್ಡ ವಿಮರ್ಶಕರು ಅವನ್ನು ಓದುತ್ತಿರಲಿಲ್ಲ, ಓದಿದರೂ ಯಾರಿಗೂ ಹೇಳುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಒಂದು ಕಾದಂಬರಿ ಮುಗಿಯದೆ ಉಳಿಯಿತು. ಬಾಕಿ ಇದ್ದದ್ದು ಕೊನೆಯ ಅಧ್ಯಾಯ ಮಾತ್ರ. ಕೊಲೆಗಾರ ಯಾರೆಂದು ಓದುಗರಿಗೆ ಹೇಳಿರಲಿಲ್ಲ, ಅದು ಹೋಗಲಿ, ಅಮ್ಮನಿಗೂ ಹೇಳಿರಲಿಲ್ಲ. ಅಮ್ಮನಿಗೆ ಅವರ ಸಾವಿಗಿಂತ ಅದೇ ಹೆಚ್ಚು ನೋವು ಕೊಟ್ಟಿತು ಎಂದರೆ ನೀವು ನಂಬಲಿಕ್ಕಿಲ್ಲ. ಅವಳ ಪಕ್ಕದಲ್ಲೇ ಕೂತು ಕಂಡವಳು ನಾನು, ನನ್ನನ್ನು ನಂಬಿ.

ಈ ಬೀಳುವ ಪದ್ಧತಿ ಶುರುವಾದದ್ದು ಅಪ್ಪ ಠಾಣೆಯಲ್ಲಿದ್ದಾಗ. ಎಲ್ಲಿಯಾದರೂ ಯಾರಾದರೂ ಸತ್ತು ಬಿದ್ದಿದ್ದರೆ, ಹೆಣ ಸಾಗಿಸಿದ ಮೇಲೆ, ಅಪ್ಪ ಟೋಪಿ ತೆಗೆದಿಟ್ಟು ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಮಲಗುತ್ತಿದ್ದರು. ನಿಂತವರಿಗೆ ಕಾಣದ್ದು ಬಿದ್ದವರಿಗೆ ಕಾಣುತ್ತದೆ ಎಂಬುದು ಅವರ ಲೆಕ್ಕಾಚಾರ. ಒಮ್ಮೆ ಬಟ್ಟೆ ಅಂಗಡಿಯೊಂದರ ನೆಲದ ಮೇಲೆ ಹೀಗೆ ಮಲಗಿದ್ದಾಗ ಮೇಲಧಿಕಾರಿ ಬಂದುಬಿಟ್ಟರಂತೆ. ಇನ್ಸ್‌ಪೆಕ್ಟರ್‌ಗೆ ಹೃದಯಾಘಾತ ಆಗಿದೆ ಎಂದು ಅವರು ಕಿರುಚಿಕೊಂಡರೆ, ಅಪ್ಪ ಮಲಗಿದಲ್ಲಿಂದಲೇ ಸೆಲ್ಯೂಟ್ ಹೊಡೆದರಂತೆ. ಕಾನ್‌ಸ್ಟೇಬಲ್‌ಗಳು ಹಿಂದಿನಿಂದ ಅವರನ್ನು "ಮಲಗೋ ಸಾಹೇಬ್ರು" ಎಂದು ಕರೆಯುತ್ತಿದ್ದರು. ಆ ಹೆಸರು ಅಪ್ಪನಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬಟ್ಟೆ ಅಂಗಡಿಯ ಕೊಲೆಗಾರ ಸಿಕ್ಕಿಬಿದ್ದದ್ದು ಕಪಾಟಿನ ಅಡಿಗೆ ಉರುಳಿದ್ದ ಒಂದು ಅಂಗಿ ಗುಂಡಿಯಿಂದ. ಅದು ಕಂಡದ್ದು ಮಲಗಿದವರಿಗೆ ಮಾತ್ರ.

ಬರೆಯುವ ಚಟವೂ ಅಲ್ಲಿಂದಲೇ ಬಂತು. ಅವರ ವರದಿಗಳನ್ನು ಮೇಲಿನ ಕಚೇರಿಯಲ್ಲಿ ಗುಮಾಸ್ತರು ಊಟದ ಹೊತ್ತಿಗೆ ಓದಲು ಎತ್ತಿಡುತ್ತಿದ್ದರಂತೆ. ಯಾರೋ ಒಬ್ಬರು, ಇದನ್ನು ಪತ್ರಿಕೆಗೆ ಕಳಿಸಬಾರದೇ ಎಂದರು. ಮೊದಲ ಕಥೆ ಅಚ್ಚಾದ ವಾರವೇ ಇಲಾಖೆಯಿಂದ ವಿವರಣೆ ಕೇಳಿ ನೋಟಿಸು ಬಂತು. ಅಪ್ಪ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಬಾಯಿಪಾಠವಾಗಿತ್ತು: "ರಜೆಯ ದಿನ ಬರೆದದ್ದು. ಕಳ್ಳ ಕಾಲ್ಪನಿಕ. ಅಧಿಕಾರಿಯೂ ಕಾಲ್ಪನಿಕ, ಏಕೆಂದರೆ ಅವನಿಗೆ ಸಕಾಲದಲ್ಲಿ ಬಡ್ತಿ ಸಿಗುತ್ತದೆ." ಇಲಾಖೆ ಮತ್ತೆ ಏನನ್ನೂ ಕೇಳಲಿಲ್ಲ, ಬಡ್ತಿಯನ್ನೂ ಕೊಡಲಿಲ್ಲ.

ಮನೆಯಲ್ಲಿ ಬರೆಯಲು ಕೂತಾಗ ಅಪ್ಪನಿಗೆ ಒಂದು ತೊಂದರೆ ಎದುರಾಯಿತು. ಹೆಣವೂ ಅವರೇ, ಅಧಿಕಾರಿಯೂ ಅವರೇ ಆಗಲು ಸಾಧ್ಯವಿರಲಿಲ್ಲ. ಹಾಗಾಗಿ ಮನೆಮಂದಿಗೆಲ್ಲ ಪಾತ್ರ ಹಂಚಿದರು. ನಾನು ಸಣಕಲಿ, ಕಿಟಕಿ ಹತ್ತುವುದರಲ್ಲಿ ಚುರುಕು, ಹಾಗಾಗಿ ಕಳ್ಳಿ. ಇವತ್ತಿಗೂ ನಮ್ಮ ಸೋದರತ್ತೆ ನನ್ನನ್ನು ಕರೆಯುವುದು ಹಾಗೆಯೇ. ಕನ್ನಡಕದ ಅಂಗಡಿ ಇಟ್ಟು, ಕೂದಲು ನರೆತು, ಊರ ಮರ್ಯಾದಸ್ಥರ ಕಣ್ಣೆಲ್ಲ ಪರೀಕ್ಷೆ ಮಾಡಿದರೂ ನಾನು ಅವರಿಗೆ ಕಳ್ಳಿಯೇ. ಅಣ್ಣ ಸಾಕ್ಷಿ. ಅವನು ಹೇಳುವ ಸುಳ್ಳು ಎಷ್ಟು ಸಹಜವಾಗಿರುತ್ತಿತ್ತೆಂದರೆ ಅಪ್ಪ ಅದನ್ನು ಹಾಗೆಯೇ ಪುಸ್ತಕಕ್ಕೆ ಇಳಿಸುತ್ತಿದ್ದರು. ಈಗ ವಿಮಾ ಕಂಪನಿಯಲ್ಲಿ ಬೇರೆಯವರ ಸುಳ್ಳು ಹಿಡಿಯುವ ಕೆಲಸ ಅವನದು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಎರಡು ಬೀದಿ ಆಚೆ ಇದ್ದವರು, ಸಮಯ ಸಿಕ್ಕಾಗ ಬಂದು ಪಕ್ಕದ ಮನೆಯ ಹೆಂಗಸಾಗುತ್ತಿದ್ದರು. ಹೆಣದ ಪಾತ್ರ ಮಾತ್ರ ಮೊದಲಿನಿಂದ ಕೊನೆಯವರೆಗೂ ಅಮ್ಮನದು.

ಅಮ್ಮನಿಗೆ ಅದರಲ್ಲಿ ತನ್ನದೇ ಆಯ್ಕೆಗಳಿದ್ದವು. ವಿಷ ಎಂದರೆ ಇಷ್ಟ, ಹಾಸಿಗೆಯ ಮೇಲೆ ಸಾಯಬಹುದು. ಮೆಟ್ಟಿಲು ಎಂದರೆ ಕೋಪ. "ರೀ, ಈ ಸಲನಾದ್ರೂ ವಿಷ ಹಾಕಿ, ಪುಣ್ಯ ಬರುತ್ತೆ" ಎಂದು ಅವಳು ಅಂಗಲಾಚುವುದನ್ನು ಕೇಳಿ ಹಾಲು ಹಾಕಲು ಬಂದವನು ಹಾಲಿನ ಪಾತ್ರೆ ಬಿಟ್ಟು ಓಡಿದ್ದ. ಒಮ್ಮೆ ಮಧ್ಯಾಹ್ನ ಸೋಫಾದ ಹಿಂದೆ ಸತ್ತು ಬಿದ್ದವಳು ನಿದ್ದೆ ಹೋಗಿ ಗೊರಕೆ ಹೊಡೆದಳು. ನಾವೆಲ್ಲ ಬಿದ್ದುಬಿದ್ದು ನಕ್ಕರೆ ಅಪ್ಪ ನಗಲಿಲ್ಲ. ಕೋಣೆಗೆ ಹೋಗಿ ಬರೆಯತೊಡಗಿದರು. ಆ ಪುಸ್ತಕದಲ್ಲಿ ಸತ್ತಳೆಂದುಕೊಂಡ ಹೆಂಗಸು ಬದುಕಿರುತ್ತಾಳೆ. ಅದು ಅವರ ಪುಸ್ತಕಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾಯಿತು.

ಅಮ್ಮ ಸುಮ್ಮನೆ ಬೀಳುತ್ತಿರಲಿಲ್ಲ. ಅವಳು ಬಿದ್ದು ಸರಿಯಾದ ಮೇಲೆ ಅಪ್ಪ ಅವಳ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತು, "ಅಲ್ಲಿಂದ ಏನು ಕಾಣ್ಸುತ್ತೆ?" ಎಂದು ಕೇಳುತ್ತಿದ್ದರು. ಅಮ್ಮ ಮೊದಲು ಮನೆಯ ಕೆಲಸ ಹೇಳುತ್ತಿದ್ದಳು. ಕಪಾಟಿನ ಕೆಳಗೆ ಕಸ ಇದೆ, ಮೇಜಿನ ಕಾಲು ಗೆದ್ದಲು ತಿಂದಿದೆ ಎನ್ನುತ್ತಿದ್ದಳು. ಆಮೇಲೆ ನಿಧಾನವಾಗಿ, "ಕನ್ನಡೀಲಿ ಹಿಂದಿನ ಬಾಗಿಲು ಕಾಣ್ತಿದೆ ಕಣ್ರೀ. ಹೊಡೆದವನ ಮುಖ ನಾನು ನೋಡಿದೀನಿ" ಎನ್ನುತ್ತಿದ್ದಳು. ಅಪ್ಪನ ಮುಖ ಆಗ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. ಎದ್ದು ಹೋಗಿ ಬರೆದುಬಿಡುತ್ತಿದ್ದರು, ಅಮ್ಮನನ್ನು ಎಬ್ಬಿಸುವುದು ಕೂಡ ನೆನಪಿರುತ್ತಿರಲಿಲ್ಲ.

ಅವರ ಪುಸ್ತಕಗಳಲ್ಲಿ ಯಾರಿಗೂ ದುಃಖವಾಗುವುದಿಲ್ಲ, ಯಾರೂ ಪ್ರೀತಿಸುವುದಿಲ್ಲ. ಏನು ಮಾಡಿದರು, ಏನು ಹೇಳಿದರು, ಅಷ್ಟೇ. ಮನಸ್ಸಿನೊಳಗೆ ಏನಿತ್ತು ಎಂದು ಬರೆಯಲು ಪುರಾವೆ ಎಲ್ಲಿದೆ ಎನ್ನುವುದು ಅವರ ಪ್ರಶ್ನೆ. ಯಾವುದೋ ವಾರಪತ್ರಿಕೆ ಇವರ ಪಾತ್ರಗಳಿಗೆ ಹೃದಯವೇ ಇಲ್ಲ ಎಂದು ಬರೆದಾಗ ಅಮ್ಮ ಅದನ್ನು ಗಟ್ಟಿಯಾಗಿ ಓದಿ, "ಮನೇಲೂ ಹಾಗೇನೇ, ಪಾಪ ಅವರಿಗೇನು ಗೊತ್ತು" ಎಂದಳು. ಅಪ್ಪ ಪತ್ರಿಕೆ ಇಸಿದುಕೊಂಡು ಹಿಂದಿನ ಪುಟದ ಪದಬಂಧ ತುಂಬಿಸಿದರು.

ಹೀಗೆ ವರ್ಷಗಳು ಹೋದವು. ನನಗೆ ಮದುವೆಯಾಯಿತು, ಅಣ್ಣ ಬೇರೆ ಮನೆ ಮಾಡಿದ. ಭಾನುವಾರ ನಾವು ಯಾರೂ ಇಲ್ಲದಿದ್ದರೂ ಆ ಮನೆಯಲ್ಲಿ ಕೊಲೆಗಳು ನಡೆಯುತ್ತಲೇ ಇದ್ದವು. ಅಪ್ಪ ಅಮ್ಮ ಇಬ್ಬರೇ ಕಳ್ಳ, ಸಾಕ್ಷಿ, ನೆರೆಯವರು ಎಲ್ಲವೂ ಆಗುತ್ತಿದ್ದರು. ನಾನು ಫೋನ್ ಮಾಡಿದರೆ ಅಮ್ಮ, "ಆಮೇಲೆ ಮಾತಾಡ್ತೀನಿ ಕಣೆ, ನಾನೀಗ ಸತ್ತಿದೀನಿ" ಎಂದು ಇಟ್ಟುಬಿಡುತ್ತಿದ್ದಳು.

ಆಮೇಲೆ ಅಮ್ಮ ನಿಜವಾಗಿಯೂ ಬಿದ್ದಳು. ಬಚ್ಚಲಿನಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಒಳಗಿನಿಂದ ಮೇಲಿನ ಚಿಲಕ ಹಾಕಿಕೊಂಡಿದ್ದಳು. ತೆವಳಿಕೊಂಡು ಬಾಗಿಲವರೆಗೆ ಬಂದರೂ ಕೈ ಎಟುಕಲಿಲ್ಲ. ಹೊರಗೆ ಅಪ್ಪ. ಕಳ್ಳರ ಎಷ್ಟೋ ಬಾಗಿಲು ಒಡೆದ ಮನುಷ್ಯ ಆ ವಯಸ್ಸಿನಲ್ಲಿ ಹೆಂಡತಿಯ ಬಾಗಿಲು ಒಡೆದು ಭುಜ ಊದಿಸಿಕೊಂಡರು. ಅಮ್ಮ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಬಡಗಿಯನ್ನು ಕರೆಸಿ ಬಚ್ಚಲಿನ ಬಾಗಿಲ ಮೇಲಿನ ಚಿಲಕ ಕೀಳಿಸಿ, ನೆಲದ ಹತ್ತಿರ ಒಂದು ಹಾಕಿಸಿದ್ದರು.

ಆ ತಿಂಗಳುಗಳಲ್ಲಿ ಅಪ್ಪ ಅಡುಗೆ ಮಾಡಿದರು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಅವರಿಗೆ ಗೌರವ. ಅಮ್ಮನಿಗೆ ಮಾತ್ರೆ ಕೊಟ್ಟು, ನಡಿಗೆಯ ಸ್ಟ್ಯಾಂಡು ಹಿಡಿಸಿ ಓಡಾಡಿಸಿ, ಉಳಿದ ಹೊತ್ತಿನಲ್ಲಿ ಕೊನೆಯ ಕಾದಂಬರಿ ಬರೆದರು. ಚೆನ್ನಾಗಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಕೊನೆಯ ಅಧ್ಯಾಯದ ಹೊಸ್ತಿಲಲ್ಲಿ ಪೆನ್ನು ಇಟ್ಟವರು ಮತ್ತೆ ಎತ್ತಲಿಲ್ಲ. ಸಂಜೆ ಹೊತ್ತು ಮೇಜಿನ ಮುಂದೆ ಕೂತು ರಸ್ತೆ ನೋಡುತ್ತಿದ್ದರು.

ಅಮ್ಮ ಹಾಸಿಗೆಯಿಂದ ಕೇಳುತ್ತಿದ್ದಳು. "ಯಾರು ಕೊಂದಿದ್ದು?"

"ನೋಡೋಣ" ಎನ್ನುತ್ತಿದ್ದರು ಅಪ್ಪ.

ಇಷ್ಟು ವರ್ಷಗಳಲ್ಲಿ ಅಮ್ಮನಿಗೆ ಆ ಉತ್ತರ ಬಂದಿರಲಿಲ್ಲ. ಪ್ರಕಾಶಕರಿಗಿಂತ ಮೊದಲು, ನಮಗಿಂತ ಮೊದಲು ಕೊಲೆಗಾರ ಯಾರೆಂದು ತಿಳಿಯುತ್ತಿದ್ದದ್ದು ಅವಳಿಗೆ. ಹಾಗೆ "ನೋಡೋಣ ನೋಡೋಣ" ಎನ್ನುತ್ತಲೇ ಒಂದು ಬೆಳಗ್ಗೆ ಅಪ್ಪ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಅವತ್ತು ಬಂದ ಜನವನ್ನು ನೋಡಿ ನಾವೇ ಬೆರಗಾದೆವು. ನಿವೃತ್ತ ಪೊಲೀಸರು, ಲೈಬ್ರರಿಯವರು, ಬಸ್ ನಿಲ್ದಾಣದ ಪುಸ್ತಕದಂಗಡಿಯವನು. ಅಪ್ಪ ಹಿಂದೆ ಹಿಡಿದು ಜೈಲಿಗೆ ಕಳಿಸಿದ್ದ ಒಬ್ಬ ಜೇಬುಗಳ್ಳನೂ ಬಂದು ಗೇಟಿನ ಬಳಿ ನಿಂತು ಅತ್ತ. ಅವನನ್ನು ಸಮಾಧಾನ ಮಾಡುತ್ತಲೇ ಪೊಲೀಸರೆಲ್ಲ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಅಳಲಿಲ್ಲ. ನಾನು ಪಕ್ಕದಲ್ಲಿ ಕೂತಾಗ ಒಂದೇ ಮಾತು ಹೇಳಿದಳು. "ನಂಗೆ ಹೇಳ್ದೇನೇ ಹೋದ್ರು ನೋಡೆ. ಸೊಂಟ ಮುರ್ಕೊಂಡವಳಿಗೆ ಏನು ಹೇಳೋದು ಅಂತ ಬಿಟ್ಟುಬಿಟ್ರು." ಆ ಮಾತು ಮುಳ್ಳಿನ ಹಾಗೆ ಅವಳೊಳಗೆ ಕೂತುಬಿಟ್ಟಿತು. ತಿಂಗಳುಗಳು ಕಳೆದು ಅವಳು ಸ್ಟ್ಯಾಂಡು ಬಿಟ್ಟು ಕೋಲು ಹಿಡಿದಳು, ಆಮೇಲೆ ಮನೆಯೊಳಗೆ ಕೋಲೂ ಇಲ್ಲದೆ ಓಡಾಡಿದಳು. ಮುಂದಿನ ಕೋಣೆಗೆ ಮಾತ್ರ ಕಾಲಿಡಲಿಲ್ಲ.

ಪ್ರಕಾಶಕರು ಕಾಯುವಷ್ಟು ಕಾದರು. ಹಳೆಯ ಪ್ರಕಾಶಕರಲ್ಲ, ಅವರ ಮಗ. ಒಳ್ಳೆಯವರೇ, ಸ್ವಲ್ಪ ಅವಸರದವರು. ಒಬ್ಬ ಧಾರಾವಾಹಿ ಬರಹಗಾರನಿಂದ ಕೊನೆಯ ಅಧ್ಯಾಯ ಬರೆಸಿ ತಂದರು. "ನೀವು ಹೂಂ ಅಂದ್ರೆ ಸೋಮವಾರ ಅಚ್ಚಿಗೆ ಕಳಿಸ್ತೀನಿ. ಬೇಡ ಅಂದ್ರೆ ನಿಮ್ಮ ಹತ್ರ ಬೇರೆ ಕೊನೆ ಇರ್ಬೇಕಲ್ಲ?" ಎಂದರು. ನ್ಯಾಯವಾದ ಮಾತೇ. ನಮ್ಮ ಹತ್ತಿರ ಇರಲಿಲ್ಲ.

ಕಾದಂಬರಿಯ ಕಥೆ ಇಷ್ಟು. ನಿವೃತ್ತ ಟೆಲಿಫೋನ್ ಆಪರೇಟರ್ ಒಬ್ಬಳು, ವಯಸ್ಸಾದವಳು, ತನ್ನ ಮನೆಯ ಮುಂದಿನ ಕೋಣೆಯಲ್ಲಿ ಸತ್ತು ಬಿದ್ದಿದ್ದಾಳೆ. ತಲೆಗೆ ಪೆಟ್ಟು, ದೇಹ ಬೀದಿ ಬಾಗಿಲ ಪಕ್ಕದಲ್ಲಿ. ಕಿಟಕಿಗಳಿಗೆಲ್ಲ ಸರಳು, ಮನೆಯಿಂದ ಹೊರಹೋಗಲು ಬೇರೆ ಬಾಗಿಲಿಲ್ಲ. ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಅನುಮಾನ ಮೂವರ ಮೇಲೆ: ಹೊರಗಿನ ಮೆಟ್ಟಿಲು ಹತ್ತಿ ಹೋಗುವ ಮಹಡಿಯ ಬಾಡಿಗೆಯವನು, ಹಾಲಿನವನು, ಜೊತೆಯಲ್ಲೇ ಇರುವ ಅಕ್ಕನ ಮಗ. ಅಕ್ಕನ ಮಗ ಸಂಜೆ ಕೆಲಸದಿಂದ ಬಂದು, ಬಾಗಿಲು ತೆಗೆಯದಿದ್ದಾಗ ನೆರೆಯವರನ್ನು ಸೇರಿಸಿ ಬಾಗಿಲು ಒಡೆದವನು. ಒಳಗಿನಿಂದ ಚಿಲಕ ಹಾಕಿದ್ದರೆ ಕೊಂದವನು ಹೊರಗೆ ಹೋದದ್ದು ಹೇಗೆ? ಅಪ್ಪ ಇಲ್ಲಿಗೆ ನಿಲ್ಲಿಸಿದ್ದರು. ಧಾರಾವಾಹಿ ಬರಹಗಾರ ಹಾಲಿನವನ ಕೈಗೆ ಒಂದು ದೊಡ್ಡ ಅಯಸ್ಕಾಂತ ಕೊಟ್ಟು ಹೊರಗಿನಿಂದ ಚಿಲಕ ಎಳೆಸಿದ್ದ. ಹಾಲಿನವನಿಗೆ ಒಂದು ಪ್ರೇಮಕಥೆಯನ್ನೂ ಕೊಟ್ಟಿದ್ದ.

ಅಮ್ಮ ಅದನ್ನು ಓದಿ ಪಕ್ಕಕ್ಕಿಟ್ಟಳು. "ನಿಮ್ಮಪ್ಪ ಇದನ್ನ ಓದಿದ್ರೆ ಇನ್ನೊಂದು ಸಲ ಸಾಯ್ತಿದ್ರು."

"ಹಾಗಾದ್ರೆ ನೀನೇ ಹೇಳಮ್ಮ, ಯಾರು ಅಂತ" ಎಂದೆ ನಾನು.

"ನಂಗ್ಯಾಕೆ ಕೇಳ್ತೀಯ? ಅವರಿಗೆ ಬೇಡವಾದೋಳು ನಾನು. ಅಯಸ್ಕಾಂತಾನೇ ಹಾಕ್ಕೊಳ್ಲಿ" ಎಂದು ಎದ್ದು ಹೋದಳು.

ನನಗೆ ಮೈ ಉರಿಯಿತು. ಅಮ್ಮನ ಮೇಲಲ್ಲ, ಅಪ್ಪನ ಮೇಲೆ. ಜೀವಮಾನವಿಡೀ ಬೇರೆಯವರಿಂದ ಬಾಯಿ ಬಿಡಿಸಿದ ಮನುಷ್ಯ, ಹೆಂಡತಿಗೆ ಒಂದು ಮಾತು ಹೇಳಿ ಹೋಗಬಾರದಿತ್ತೇ? ಅಪ್ಪನ ಪುಸ್ತಕ ಅಯಸ್ಕಾಂತದಿಂದ ಮುಗಿಯುವುದನ್ನು ನಾನು ಸಹಿಸಬಹುದಿತ್ತೇನೋ. ಅಮ್ಮ ಉಳಿದ ಆಯುಷ್ಯವನ್ನು "ಬೇಡವಾದೋಳು" ಎಂದುಕೊಂಡು ಕಳೆಯುವುದನ್ನು ಸಹಿಸಲಾರೆ. ಅಣ್ಣನಿಗೆ ಫೋನ್ ಮಾಡಿದೆ, ಅತ್ತೆಗೆ ಹೇಳಿಕಳಿಸಿದೆ. ಭಾನುವಾರ ಎಲ್ಲರೂ ಸೇರಿ ಆ ಕೊಲೆಯನ್ನು ಮಾಡಿಯೇ ನೋಡುವುದೆಂದು ಗೊತ್ತುಮಾಡಿದೆವು.

ಭಾನುವಾರ ಬೆಳಗ್ಗೆ ಮುಂದಿನ ಕೋಣೆಯ ಧೂಳು ಹೊಡೆದೆವು. ಪುಸ್ತಕದಲ್ಲಿರುವ ಕೋಣೆ ಇದೇ. ಅಪ್ಪ ಬೇರೆ ಕೋಣೆ ಕಲ್ಪಿಸಿಕೊಳ್ಳುವ ತೊಂದರೆ ಯಾವತ್ತೂ ತೆಗೆದುಕೊಂಡವರಲ್ಲ. ಮೇಲೊಂದು ಕೆಳಗೊಂದು ಚಿಲಕವಿರುವ ಬೀದಿ ಬಾಗಿಲು, ಸರಳಿನ ಕಿಟಕಿ, ಮೇಜು, ಕಪಾಟು. ಅಮ್ಮ ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ದಿನಪತ್ರಿಕೆ ಓದುತ್ತಿದ್ದಳು. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಮೊದಲು ನಾನು ಹೆಣವಾದೆ. ಅಣ್ಣ ಅಧಿಕಾರಿ. ನನಗೆ ನೆಲ ತಣ್ಣಗಿದೆ ಎನ್ನುವುದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಆಮೇಲೆ ಅಣ್ಣ ಬಿದ್ದ. ಅವನ ಹೊಟ್ಟೆ ಅಡ್ಡ ಬಂದು ಅವನಿಗೆ ಬಾಗಿಲೇ ಕಾಣಲಿಲ್ಲ.

"ಅತ್ತೆ, ನೀವು ಒಂದು ಸಲ ಬಿದ್ಕೊಳ್ಳಿ" ಎಂದ ಅಣ್ಣ.

ಅತ್ತೆಯ ಮುಖ ಬಿಗಿಯಿತು. "ನಾನು ಬೀಳಲ್ಲ."

"ಯಾಕೆ ಅತ್ತೆ? ನಿಮ್ಮ ಮಂಡಿ ಚೆನ್ನಾಗೇ ಇದೆಯಲ್ಲ."

"ಮಂಡಿ ಮಾತಲ್ಲ. ಒಂದು ಸಲ ಬಿದ್ದು ಮರ್ಯಾದೆ ಕಳ್ಕೊಂಡಿದ್ದು ಸಾಕು."

"ಯಾವಾಗ ಬಿದ್ರಿ?" ಎಂದೆ ನಾನು.

ಅತ್ತೆ ಮೇಜಿನ ಮೇಲಿದ್ದ ಧೂಳು ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಅವರು ಅವಮಾನವನ್ನು ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆಂದು ಆಗಲೇ ಗೊತ್ತಾದದ್ದು.

"ನಿಮ್ಮಪ್ಪನೇ ಕರೆಸಿದ್ದ. ನಿಮ್ಮಮ್ಮ ಆಸ್ಪತ್ರೆಗೆ ಕಾಲು ವ್ಯಾಯಾಮಕ್ಕೆ ಹೋಗಿದ್ಲು, ಆಗ. ಅಕ್ಕ, ಇಲ್ಲಿ ಸ್ವಲ್ಪ ಬಿದ್ಕೋ ಅಂದ. ಏನೋ ತಮ್ಮ ಕೇಳ್ತಿದಾನೆ ಅಂತ ಈ ವಯಸ್ಸಲ್ಲಿ ಬಿದ್ದೆ. ಬಿದ್ರೆ ಏನಂದ ಗೊತ್ತಾ? ಬೇಡ ಎದ್ದೇಳು, ನೀನು ಬರೀ ಬಿದ್ಕೊಂಡಿದೀಯ, ನಿಂಗೆ ಅಲ್ಲಿಂದ ಏನೂ ಕಾಣ್ಸಲ್ಲ ಅಂದ. ನನ್ನ ತಮ್ಮ, ನಾನೇ ಎತ್ತಿ ಆಡಿಸಿದವನು, ನಂಗೆ ಹೆಣ ಆಗೋಕೂ ಬರಲ್ಲ ಅಂದ!"

ಅಣ್ಣ ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ನನಗೆ ನಗು ಬರಲಿಲ್ಲ. "ಆಮೇಲೆ?" ಎಂದೆ.

"ಆಮೇಲೇನು? ಹಾಗಾದ್ರೆ ಪುಸ್ತಕ ಹೇಗೆ ಮುಗಿಸ್ತೀಯೋ ಅಂದೆ. ಅವಳ ಸೊಂಟ ಸರಿಹೋಗ್ಲಿ ಅಕ್ಕ, ಪುಸ್ತಕಕ್ಕೇನು ಅವಸರ, ಕಾಯ್ತೀನಿ ಅಂದ. ಅದನ್ನ ಅವಳಿಗಾದ್ರೂ ಹೇಳೋ, ದಿನಾ ಕೇಳ್ತಾಳಲ್ಲ ಅಂದೆ. ಹೇಳಿದ್ರೆ ನಾಳೆನೇ ಬಂದು ಈ ನೆಲದ ಮೇಲೆ ಬಿದ್ಕೊಳ್ತಾಳೆ, ಅವಳ ಹಟ ನಿಂಗೊತ್ತಿಲ್ಲ ಅಂದ. ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡ. ನಾನು ಯಾಕೆ ಹೇಳ್ಲಿ? ಹೇಳ್ಕೊಳ್ಳೋ ಅಂಥ ವಿಷಯವೇ ಅದು?"

ಪಕ್ಕದ ಕೋಣೆಯ ಹೊಸ್ತಿಲಲ್ಲಿ ಪತ್ರಿಕೆ ಕೆಳಗೆ ಬಿದ್ದ ಸದ್ದು ಕೇಳಿಸಿತು. ನಾವು ಮೂವರೂ ಬಾಗಿಲ ಕಡೆ ನೋಡಿದೆವು. ಅಮ್ಮ ಅಲ್ಲಿ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

"ಅತ್ತಿಗೆ," ಎಂದಳು, "ಇನ್ನೊಂದು ಸಲ ಹೇಳಿ. ಅವರು ಏನಂದ್ರು?"

ಅತ್ತೆಗೆ ಆಗ ಗೊತ್ತಾಯಿತು ತಾವು ಹೇಳಿಬಿಟ್ಟದ್ದು ಏನೆಂದು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಯ್ತೀನಿ ಅಂದ ಕಣೆ. ನಿನ್ನ ಸೊಂಟ ಸರಿಹೋಗೋವರೆಗೂ ಕಾಯ್ತೀನಿ ಅಂದ."

ಅಮ್ಮ ಮೇಜಿನ ಮುಂದಿನ ಖಾಲಿ ಕುರ್ಚಿಯನ್ನು ನೋಡಿದಳು. ನನಗೆ ಸಂಜೆ ಸಂಜೆ ಮೇಜಿನ ಮುಂದೆ ರಸ್ತೆ ನೋಡುತ್ತಾ ಕೂತಿದ್ದ ಅಪ್ಪ ನೆನಪಾದರು. ನಾವು ಅವರಿಗೆ ಬುದ್ಧಿ ಮಂಕಾಯಿತೆಂದುಕೊಂಡಿದ್ದೆವು, ಬರವಣಿಗೆ ಬತ್ತಿತೆಂದುಕೊಂಡಿದ್ದೆವು. ಅವರು ಒಳಗಿನ ಕೋಣೆಯಿಂದ ಬರುವ ನಡಿಗೆಯ ಸ್ಟ್ಯಾಂಡಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು, ಅಷ್ಟೇ.

ಅಮ್ಮ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. "ಸ್ವಲ್ಪ ಆಚೆ ಸರೀರಿ ಎಲ್ಲಾರೂ" ಎಂದಳು.

"ಅಮ್ಮ, ಡಾಕ್ಟರು ನೆಲದ ಮೇಲೆ ಕೂರಬೇಡಿ ಅಂದಿದಾರೆ" ಎಂದ ಅಣ್ಣ.

"ಕೂರಬೇಡಿ ಅಂದಿದಾರೆ. ಸಾಯಬೇಡಿ ಅಂದಿಲ್ಲ."

ಮೇಜು ಹಿಡಿದು, ಕುರ್ಚಿ ಹಿಡಿದು, ಒಂದೊಂದೇ ಅಂಗವನ್ನು ಇಳಿಸುತ್ತಾ ಅಮ್ಮ ನೆಲ ಮುಟ್ಟಿದಳು. ನಾನು ಕೈ ಚಾಚಿದರೆ ತಳ್ಳಿದಳು. ಪಕ್ಕಕ್ಕೆ ಹೊರಳಿ, ತಲೆಯನ್ನು ಬಾಗಿಲ ಕಡೆ ಮಾಡಿ, ಒಂದು ಕೈ ಮುಂದಕ್ಕೆ ಚಾಚಿ ಮಲಗಿದಳು. ಅತ್ತೆಯೂ ಬಿದ್ದಿದ್ದರು, ನಾವೂ ಬಿದ್ದಿದ್ದೆವು. ಅಮ್ಮ ಬಿದ್ದಾಗ ಮಾತ್ರ ಆ ಕೋಣೆಯಲ್ಲಿ ಏನೋ ನಡೆದಿದೆ ಎನ್ನಿಸಿತು. ನಮಗೂ ಅವಳಿಗೂ ಇದ್ದ ವ್ಯತ್ಯಾಸ ಏನೆಂದು ಅಪ್ಪನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು!

ನಾನು ಅವಳ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತೆ. "ಅಲ್ಲಿಂದ ಏನು ಕಾಣ್ಸುತ್ತೆ ಅಮ್ಮ?"

"ಕಪಾಟಿನ ಕೆಳಗೆ ಪೊರಕೆ ಆಡಿಸಿಲ್ಲ ನೀವು" ಎಂದಳು. ಆಮೇಲೆ ಕತ್ತು ಹೊರಳಿಸಿ ಬಾಗಿಲನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಪುಸ್ತಕದಲ್ಲಿ ಯಾವ ಚಿಲಕ ಹಾಕಿತ್ತು ಅಂತ ಬರೆದಿದಾರೆ? ಓದು."

ಅಣ್ಣ ಹಾಳೆ ಹುಡುಕಿ ಓದಿದ. "ಮೇಲಿನ ಚಿಲಕ ತೆರೆದಿತ್ತು. ಕೆಳಗಿನ ಚಿಲಕ ಮಾತ್ರ ಹಾಕಿತ್ತು."

"ನಿಂತವರು ಯಾರಾದ್ರೂ ಮೇಲಿನದು ಬಿಟ್ಟು ಕೆಳಗಿನದು ಹಾಕ್ತಾರೇನೋ? ಬಗ್ಬೇಕಲ್ಲ." ಅಮ್ಮನ ಕೈ ನೆಲದ ಮೇಲೆ ಸರಿಯಿತು. ಬಾಗಿಲು ತಲುಪಿತು. ಏಳಲಿಲ್ಲ, ಮೊಣಕೈ ಕೂಡ ಊರಲಿಲ್ಲ. ಬೆರಳುಗಳು ಕೆಳಗಿನ ಚಿಲಕವನ್ನು ಹಿಡಿದು ಟಕ್ ಎಂದು ಕೂರಿಸಿದವು. "ಬಿದ್ದವರಿಗೆ ಎಟುಕೋದು ಇದೊಂದೇ. ಬಚ್ಚಲಲ್ಲಿ ನಂಗೆ ಮೇಲಿನದು ಎಟುಕಲಿಲ್ಲ. ಅವರು ಅಲ್ಲಿ ಕಂಡಿದ್ದನ್ನೇ ಇಲ್ಲಿ ಇಟ್ಟಿದಾರೆ. ಕೊಂದವನು ಚಿಲಕ ಹಾಕಿಲ್ಲ. ಅವನು ಹೊಡೆದು, ಬಾಗಿಲು ಎಳ್ಕೊಂಡು ಹೋದ. ಇವಳು ಇನ್ನೂ ಸತ್ತಿರಲಿಲ್ಲ. ತೆವಳ್ಕೊಂಡು ಬಂದು ತಾನೇ ಹಾಕಿದಾಳೆ."

"ಯಾಕಮ್ಮ ಹಾಕ್ತಾಳೆ?" ಎಂದ ಅಣ್ಣ. "ಬಾಗಿಲು ತೆಗೆದು ಕೂಗ್ಬೋದಿತ್ತಲ್ಲ, ಬೀದೀಲಿ ಜನ ಇರ್ತಾರೆ."

"ಅದೇ ನಾನೂ ಇಲ್ಲಿ ಮಲಗಿ ಯೋಚನೆ ಮಾಡಿದ್ದು. ಹಾಲಿನವನೋ ಬಾಡಿಗೆಯವನೋ ಹೊಡೆದು ಓಡಿಹೋಗಿದ್ರೆ ನಾನು ಬಾಗಿಲು ತೆಗೆದು ಕೂಗ್ತಿದ್ದೆ. ಹೋದವನು ಮತ್ತೆ ಬರ್ತಾನೆ ಅಂತ ಗೊತ್ತಿದ್ರೆ ಮಾತ್ರ ಒಳಗಿನಿಂದ ಹಾಕ್ಕೊಳ್ತೀನಿ. ಯಾರು ಮತ್ತೆ ಬರೋದು? ಅದೇ ಮನೇಲಿ ಇರೋನು. ಅಕ್ಕನ ಮಗ. ಸಂಜೆ ಬಂದು, ಅಯ್ಯೋ ಅಂತ ಅಳೋದು ಅಂತ ಲೆಕ್ಕ ಹಾಕಿದ್ದ. ಬಂದು ನೋಡಿದ್ರೆ ಬಾಗಿಲು ಒಳಗಿನಿಂದ ಹಾಕಿದೆ. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದಿದ್ದು ಅವನೇ."

ಅಣ್ಣ ಹಾಳೆ ಕೆಳಗಿಟ್ಟ. ಅತ್ತೆ ಬಾಯಿ ತೆರೆದುಕೊಂಡು ನಿಂತಿದ್ದರು. ಅಯಸ್ಕಾಂತ ಬೇಕಿರಲಿಲ್ಲ, ಪ್ರೇಮಕಥೆಯೂ ಬೇಕಿರಲಿಲ್ಲ. ಅಪ್ಪ ಚಿಲಕವನ್ನು ಅಲ್ಲಿಟ್ಟು, ಅದರ ಕೆಳಗೆ ಮಲಗುವವಳಿಗಾಗಿ ಕಾದಿದ್ದರು. ಅವರಿಗೇ ಉತ್ತರ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅಮ್ಮ ಹೇಳುವವರೆಗೂ ಅವರಿಗೆ ಯಾವತ್ತೂ ಪೂರ್ತಿ ಗೊತ್ತಿರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅಪ್ಪನ ಹೆಸರಿನಲ್ಲಿ ಅಚ್ಚಾದ ಅಷ್ಟೂ ಪುಸ್ತಕಗಳಲ್ಲಿ ಬರೆದ ಕೈ ಅಪ್ಪನದು, ಕಂಡ ಕಣ್ಣು ಅಮ್ಮನದು. ಕಣ್ಣಿನ ವ್ಯಾಪಾರ ಮಾಡುವ ನನಗೆ ಇದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಅಮ್ಮ ತಕ್ಷಣ ಏಳಲಿಲ್ಲ. ಮುಖ ಆಚೆ ತಿರುಗಿಸಿಕೊಂಡು ಮಲಗಿದ್ದಳು. ಭುಜಗಳು ಅಲುಗುತ್ತಿದ್ದವು. ಅಪ್ಪ ಹೋದ ದಿನ ಅಳದವಳು ಈಗ ಅಳುತ್ತಿದ್ದಳು. ಅತ್ತೆ ಕೆಳಗೆ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟರು. "ನಾನು ಮೊದಲೇ ಹೇಳ್ಬೇಕಿತ್ತು ಕಣೆ" ಎಂದರು.

"ಬಿಡಿ ಅತ್ತಿಗೆ. ಅವರೂ ನೀವೂ ಒಂದೇ ಜಾತಿ, ಬಾಯಿ ಬಿಡೋರಲ್ಲ."

ಊಟದ ಹೊತ್ತಿಗೆ ಬರೆಯಲು ಕೂತೆವು. ಅಮ್ಮ ಹೇಳಿದಳು, ನಾನು ಬರೆದೆ, ಅಣ್ಣ ಅಡ್ಡ ಬಾಯಿ ಹಾಕಿದ. ಅಕ್ಕನ ಮಗ ಸಿಕ್ಕಿಬಿದ್ದಾಗ ನಾನು "ಅವನಿಗೆ ಪಶ್ಚಾತ್ತಾಪವಾಯಿತು" ಎಂದು ಸೇರಿಸಿದೆ. ಅಮ್ಮ ತಲೆಯಾಡಿಸಿದಳು. "ಹೊಡಿ ಅದನ್ನ. ಪುರಾವೆ ಇಲ್ಲ." ಹೊಡೆದುಹಾಕಿದೆ. ಅವಳಿಗೆ ಅಪ್ಪನ ವಾಕ್ಯಗಳು ಅಪ್ಪನಿಗಿಂತ ಚೆನ್ನಾಗಿ ಬರುತ್ತಿದ್ದವು. ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಪ್ರಕಾಶಕರ ಫೋನ್ ಬಂತು. ನಾನು ಎತ್ತಿ, ಅಧ್ಯಾಯ ಸಿದ್ಧವಾಗಿದೆ ಎಂದೆ. ಇಷ್ಟು ದಿನ ಇಲ್ಲದ್ದು ಈಗ ಎಲ್ಲಿಂದ ಬಂತು, ಇದ್ದರೆ ಮೊದಲೇ ಕೊಡಬಹುದಿತ್ತಲ್ಲ, ತಡವಾದದ್ದು ಯಾಕೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬಂದು ಫೋನ್ ಕಿತ್ತುಕೊಂಡಳು. ಬೆನ್ನು ನೆಟ್ಟಗೆ ಮಾಡಿ ನಿಂತು, ಬಹಳ ದಿನಗಳಿಂದ ನಾನು ಕೇಳಿರದಿದ್ದ ದನಿಯಲ್ಲಿ ಹೇಳಿದಳು.

"ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ನನ್ನ ಸೊಂಟ ಸರಿ ಇರ್ಲಿಲ್ಲ."